ಚೇಳು ಗೋಡೆ ಹತ್ತಿದ್ದು

"ಆಯೀ, ನಾ ದೊಡ್ಡಾಕ್ಯಾದ ಮ್ಯಾಲೆ ನಿನ್ನ ತುರುಬು ನೀನ ಕಟ್ಕೊಳ್ಳೂ ಹಂಗ ಮಾಡ್ತೇನಿ. ಖರೇನ."

ಈ ಮಾತಿನಿಂದ ಕತೆ ಶುರು ಮಾಡುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಮಾತು ಕೊಟ್ಟ ಸಮತಾಳಿಗೆ ಆಗ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಹಲ್ಲಿಲ್ಲದವರು ಕೊಟ್ಟ ಮಾತನ್ನು ಯಾರೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಆದರೆ ಕೇಳಿಸಿಕೊಂಡ ಅವಳ ಅಜ್ಜಿ ಉಡಚವ್ವನಿಗೂ ಹಲ್ಲು ಕಡಿಮೆಯೇ ಇದ್ದವು. ಹಾಗಾಗಿ ಅದು ಇಬ್ಬರ ನಡುವಿನ ಸರಿಸಮ ಒಪ್ಪಂದ.

(ಬೇರೆ ಆರಂಭಗಳೂ ಇದ್ದವು. ಒಂದರಲ್ಲಿ ತಿಳವಳ್ಳಿಯ ಬಸ್ ಸ್ಟ್ಯಾಂಡಿನ ಮೇಲೆ ಮಂಜು ಇಳಿಸಿದ್ದೆ. ಮಂಜು ಬಂದರೆ ಕತೆಗೆ ಗಾಂಭೀರ್ಯ ಬರುತ್ತದೆ ಎಂದು ಕೇಳಿದ್ದೇನೆ. ಆದರೆ ನಾನು ಹೇಳಹೊರಟಿರುವುದು ಫಿಜಿಯೋಥೆರಪಿ ಓದುವ ಹುಡುಗಿಗೆ ಅನಾಟಮಿ ಕಲಿಯಲು ಯಾವ ಸಾಮಾನು ಕೊಡಿಸಬೇಕು ಎಂಬ ವಿಷಯ. ಅದಕ್ಕೆ ಮಂಜು ಯಾತಕ್ಕೆ? ಅಳಿಸಿದೆ.)

೧

ಮೊದಲು ಜನರನ್ನು ಕೂರಿಸೋಣ.

ಸುಜಾತಾ, ಸಮತಾಳ ತಾಯಿ. ಹಾನಗಲ್ಲಿನ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ಒಂದು ವಾರ ಶಿಗ್ಗಾಂವಿ, ಸವಣೂರು. ಇನ್ನೊಂದು ವಾರ ಹಿರೇಕೆರೂರು. ಉಡಚವ್ವ ಅವಳ ಅತ್ತೆ. ತವರು ಹಿರೇಬೆಂಡಿಗೇರಿ, ಕೊಟ್ಟಿದ್ದು ತಿಳವಳ್ಳಿಗೆ. ಲೋಹಿತ ಸುಜಾತಾಳ ಗಂಡ. ಸುಗ್ಗಿಯಲ್ಲಿ ಗೋವಿನಜೋಳ ಹೇರುವ ಟೆಂಪೋ ಓಡಿಸುತ್ತಾನೆ, ಸುಗ್ಗಿ ಇಲ್ಲದಾಗ ಅದೇ ಟೆಂಪೋದ ಕೆಳಗೆ ಮಲಗಿ ರಿಪೇರಿ ಮಾಡುತ್ತಾನೆ. ಸಮತಾ ಈಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದಾಳೆ. ಹಲ್ಲು ಎಲ್ಲಾ ಬಂದಿವೆ.

ನಾನು ಎಲ್ಲಿದ್ದೇನೆ? ಸುಜಾತಾಳ ಬೆನ್ನ ಹಿಂದೆ. ಅವಳು ಕಂಡದ್ದನ್ನಷ್ಟೇ ಕಾಣುತ್ತೇನೆ, ಕೇಳಿದ್ದನ್ನಷ್ಟೇ ಕೇಳುತ್ತೇನೆ. ಈ ನಿಯಮ ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ನನಗೆ ಪೆಟ್ಟು ಬೀಳಲಿದೆ.

ಇನ್ನು ಕೈ. ಸಮತಾ ಸಣ್ಣವಳಿದ್ದಾಗ ಉಡಚವ್ವ ಮೇವಿನ ಬಣವೆಯಿಂದ ಜಾರಿ ಬಲ ಹೆಗಲಿನ ಹತ್ತಿರ ಎಲುಬು ಮುರಿದುಕೊಂಡಳು. ಎಲುಬು ಕೂಡಿತು. ಕೂಡಿದ ಮೇಲೆ ಓಣಿಗೆಲ್ಲ ಪ್ರೀತಿ ಉಕ್ಕಿತು. "ಅಲ್ಲಾಡಿಸಬ್ಯಾಡಬೇ." "ಎತ್ತಬ್ಯಾಡಬೇ." "ಇನ್ನ ನಾಕ ದಿನ ಕೊರಳಿಗೆ ಕಟ್ಕೊಂಡ ಇರಲಿ." ಆ ನಾಲ್ಕು ದಿನ ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ನಡೆದುಹೋದವು. ಬಟ್ಟೆ ಬಿಚ್ಚಿದಾಗ ಕೈ ಎದೆಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಯಾರೂ ಕೇಡು ಬಯಸಿರಲಿಲ್ಲ. ಕಾಳಜಿ ಮಾಡಿ ಮಾಡಿಯೇ ಬಿಗಿದುಕೊಂಡ ಕೈ ಅದು.

ರೊಟ್ಟಿ ಬಡಿಯಲು ಎದೆಮಟ್ಟ ಸಾಕು. ನೆಲ ಸಾರಿಸಲು ಅಷ್ಟೂ ಬೇಡ. ತುರುಬಿಗೆ ಮಾತ್ರ ಎರಡೂ ಕೈ ತಲೆಯ ಹಿಂದೆ ಹೋಗಬೇಕು. ಹಾಗಾಗಿ ಆ ಮನೆಯ ಬೆಳಗು ಹೀಗಿರುತ್ತದೆ: ಉಡಚವ್ವ ಹೊಸ್ತಿಲ ಮೇಲೆ, ಹಿಂದೆ ಖಾಕಿ ಅಂಗಿ ತೊಟ್ಟ ಸುಜಾತಾ, ಬಾಯಲ್ಲಿ ಹೇರ್‌ಪಿನ್ನು.

"ಅತ್ತಿ, ತಲಿ ಅಲ್ಲಾಡಿಸಬ್ಯಾಡ್ರಿ. ಗಾಡಿ ಬಿಡೂ ಹೊತ್ತಾತು."

"ಎಳೀಬ್ಯಾಡಬೇ. ಇರೋವು ನಾಕ ಕೂದಲಾ. ಅವನ್ನೂ ಟಿಕೀಟು ಹರದಂಗ ಹರೀತಿ."

"ಈಗ ಟಿಕೀಟು ಹರಿಯಾಂಗಿಲ್ರಿ, ಮಷೀನ್ ಬಂದಾವು."

"ಹಂಗಂದ್ರ ಮಷೀನ ತಂದು ತುರುಬು ಕಟ್ಟು."

ಇದು ಜಗಳವಲ್ಲ. ಬೇರೆ ಮನೆಗಳಲ್ಲಿ ರೇಡಿಯೋ ಇರುವ ಹಾಗೆ ಇಲ್ಲಿ ಇದು. ಸುಜಾತಾಳಿಗೆ ನೌಕರಿಯ ಆರ್ಡರು ಬಂದಾಗ ಓಣಿಯಲ್ಲಿ ಗುಸುಗುಸು ಎದ್ದಿತ್ತು: ಹೆಣ್ಣುಮಗಳು, ಖಾಕಿ, ಗಂಡಸರ ನಡುವೆ ನಿಲ್ಲುವ ಕೆಲಸ. ಆಗ ಉಡಚವ್ವ ಅಂದದ್ದು ಇಷ್ಟೆ: "ಮಂದಿ ಹೊಲದಾಗ ಬಗ್ಗೂದಕ್ಕಿಂತ ಬಸ್ಸಿನ್ಯಾಗ ನೆಟ್ಟಗ ನಿಂದ್ರೂದು ಚಲೋ. ಕೂಸಿನ್ನ ನಂಗ ಬಿಟ್ಟ ನಡಿ." ಬಿಟ್ಟು ನಡೆದಳು. ಉಡಚವ್ವ ಒಂದೂವರೆ ಕೈಯಲ್ಲಿ ಮೊಮ್ಮಗಳನ್ನು ಬೆಳೆಸಿದಳು. ಸುಜಾತಾ ಇದಕ್ಕೆ ಒಮ್ಮೆಯೂ ಉಪಕಾರ ಎಂಬ ಮಾತು ಆಡಿಲ್ಲ. ಆಡಿದ್ದರೆ ಅತ್ತೆ ಬೈಯುತ್ತಿದ್ದಳು. ದಿನಾ ತುರುಬು ಕಟ್ಟುತ್ತಾಳೆ.

೨

ಈಗ ನಿಜವಾದ ಸಮಸ್ಯೆ.

ಸಮತಾ ಮೊದಲ ಟೆಸ್ಟಿನಲ್ಲಿ ಅನಾಟಮಿಯಲ್ಲಿ ಡುಮ್ಕಿ ಹೊಡೆದಳು. ಆವತ್ತು ಸಂಜೆ ಫೋನು. ಈ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಿ ಹೊಸ್ತಿಲ ಮೇಲಿಡಬೇಕು. ಉಡಚವ್ವನ ಎಡಗಿವಿ ಯಾವಾಗಲೋ ರಾಜೀನಾಮೆ ಕೊಟ್ಟಿದೆ. ಬಲಗಿವಿಗೆ ಬಲಗೈ ಹೋಗುವುದಿಲ್ಲ. ಎಡಗೈಯನ್ನು ಮುಖದ ಮುಂದಿನಿಂದ ಸುತ್ತಿಸಿ ಹಿಡಿದರೆ ಬಾಯಿಗೇ ಅಡ್ಡ. ಹಾಗಾಗಿ ಅಜ್ಜಿ ಮೊಮ್ಮಗಳ ಮಾತನ್ನು ಎದುರುಮನೆಯ ಎಮ್ಮೆಯೂ ಕೇಳುತ್ತದೆ. (ನಾನೂ. ಈ ಸ್ಪೀಕರ್ ಇಲ್ಲದಿದ್ದರೆ ಈ ಕತೆಯೇ ಇಲ್ಲ.)

"ಅವ್ವಾ, ಒಂದ್ ಎಲಬೂ ತಲ್ಯಾಗ ಕುಂದ್ರವಲ್ದು."

"ತಲ್ಯಾಗ ಯಾಕ ಕುಂದ್ರಬೇಕು?" ಎಂದಳು ಉಡಚವ್ವ. "ಮೈಯಾಗ ಕುಂತ್ರ ಸಾಕಿಲ್ಲೇನ?"

"ಆಯೀ, ನಗಬ್ಯಾಡ. ಇದ ಬರ್ಲಿಲ್ಲಂದ್ರ ಮುಂದಿಂದು ಯಾವದೂ ಬರೂದಿಲ್ಲ. ನಿನ್ನ ಕೈನೂ ಬರೂದಿಲ್ಲ."

ಅಜ್ಜಿಗೂ ಮಾತು ನೆನಪಿತ್ತು, ಮೊಮ್ಮಗಳಿಗೂ.

ಕಲಿಯಲು ಏನೇನೋ ಸಿಗುತ್ತವಂತೆ. ದಪ್ಪನೆಯ ಚಿತ್ರದ ಪುಸ್ತಕ, ಅಟ್ಲಾಸ್; ಎತ್ತಿ ಇಡುವುದೇ ಒಂದು ವ್ಯಾಯಾಮ. ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಹೆಸರು ಇರುವ ಕಾರ್ಡಿನ ಕಟ್ಟು. ಫೋನಿನ ಆ್ಯಪ್, ಅದರಲ್ಲಿ ಚರ್ಮವಿಲ್ಲದ ಗಂಡಸೊಬ್ಬ ಸುತ್ತುತ್ತಾನೆ. ಬಣ್ಣ ತುಂಬುವ ಪುಸ್ತಕವೂ ಉಂಟು, ಅಂಗನವಾಡಿಯದರ ಹಾಗೆ. ಆದರೆ ಆನೆಯ ಬದಲು ಮೂತ್ರಪಿಂಡ. ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ಕೊನೆಗೆ, ಸೀನಿಯರ್‌ಗಳ ಕೈಯಿಂದ ಕೈಗೆ ಬರುವ ನಿಜವಾದ ಎಲುಬುಗಳ ಪೆಟ್ಟಿಗೆ, ಬೋನ್ ಸೆಟ್.

"ಯಾವದ ಬೇಕವ್ವ ನಿನಗ? ಒಂದ್ ಹೇಳು, ತರೂನು."

"ಗೊತ್ತಾಗವಲ್ದವ್ವ. ಒಬ್ಬೊಬ್ರು ಒಂದೊಂದ ಹೇಳ್ತಾರ. ನೀನ ಆರಿಸು."

ಹುಡುಗನ ಮುಖ ನೋಡಿ ಪೂರ್ತಿ ಟಿಕೀಟೋ ಅರ್ಧವೋ ಹೇಳಬಲ್ಲ ಸುಜಾತಾ ಇಲ್ಲಿ ತಬ್ಬಿಬ್ಬಾದಳು.

೩

(ಇದೊಂದು ಬಿಟ್ಟುಬಿಟ್ಟ ಡ್ರಾಫ್ಟು. ಓದದಿದ್ದರೂ ನಡೆಯುತ್ತದೆ, ಆದರೆ ಬರೆದ ಶ್ರಮಕ್ಕಾದರೂ ಓದಿ.)

ಸುಜಾತಾ ಬಸ್ಸಿನಲ್ಲಿ ನಿಂತಿದ್ದಳು. ಥಟ್ಟನೆ ಅವಳಿಗೆ ಹೊಳೆಯಿತು: ಕೈಯ ನರವೂ ಒಂದು ಬಸ್ಸಿನ ದಾರಿಯೇ! ಹಿರೇಕೆರೂರೆಂಬ ಕಂಕುಳಿನಿಂದ ಹೊರಟು, ಹಾನಗಲ್ಲೆಂಬ ಮೊಣಕೈಯಲ್ಲಿ ಚಹಾಕ್ಕೆ ನಿಂತು, ಶಿಗ್ಗಾಂವಿಯೆಂಬ ಮಣಿಕಟ್ಟನ್ನು ದಾಟಿ, ಸವಣೂರೆಂಬ ಬೆರಳ ತುದಿಗೆ...

"ಅಕ್ಕಾರ, ನಿಂದರ್ರಿ." ಸಮತಾ, ಹಾಳೆಯೊಳಗಿನಿಂದ.

ಏನಾತು?

"ನಮ್ಮವ್ವ ದಿನಾ ಬಸ್ಸಿನ್ಯಾಗ ಚಿಲ್ಲರಕ್ಕ ಬಡದಾಡ್ತಾಳ. ಆಕಿಗೆ ಥಟ್ಟನೆ ಏನೂ ಹೊಳಿಯೂದಿಲ್ಲ, ಕಾಲು ನೋಯ್ತಾವ. ಮತ್ತ ಆ ನರ ಹಂಗ ಹೋಗೂದೂ ಇಲ್ಲ. ನೀವು ಬರದದ್ದ ಓದಿದ್ರ ಇನ್ನೊಮ್ಮೆ ನಾ ಫೇಲ್ ಆಗ್ತೇನಿ."

ಚಂದ ಇತ್ತಲ್ಲ?

"ಚಂದ ಇತ್ತು. ತಗೀರಿ."

ತೆಗೆದೆ.

೪

ಬೋನ್ ಸೆಟ್ ಮನೆಗೆ ಬಂತು.

ಸಮತಾಳ ರೂಮಿನ ಗೆಳತಿ ಸುಹಾನಾ ಸವಣೂರಿನವಳು. ಅವಳ ಪರಿಚಯದ ಸೀನಿಯರೊಬ್ಬಳು, ಬೇಕಾದರೆ ರಜೆಗೆ ಒಯ್ದು ನೋಡು, ಹೊಂದಿದರೆ ಇಟ್ಟುಕೋ ಎಂದಿದ್ದಳು. ಪಂಚಮಿ ರಜೆಗೆ ಸಮತಾ ತಗಡಿನ ಪೆಟ್ಟಿಗೆ ಹೊತ್ತು ಬಂದಳು. ಲೋಹಿತ ಟೆಂಪೋದ ಸಾಮಾನೆಂದು ತಿಳಿದು ತೆಗೆದು ನೋಡಿ ಮೆಲ್ಲಗೆ ಮುಚ್ಚಿದ.

ಉಡಚವ್ವ ಕೂಗಾಡುತ್ತಾಳೆ, ಮೈಲಿಗೆ ಅನ್ನುತ್ತಾಳೆ ಎಂದು ಸುಜಾತಾ ಕಾದಳು. (ನಾನೂ ಕಾದೆ. ಎರಡು ಪುಟದ ಜಗಳಕ್ಕೆ ಜಾಗ ಬಿಟ್ಟಿದ್ದೆ.) ಅವಳು ಪೆಟ್ಟಿಗೆಯ ಮುಂದೆ ಕುಳಿತು ಕೇಳಿದಳು:

"ಯಾವೂರು?"

"ಗೊತ್ತಿಲ್ಲಾಯಿ."

"ಹೆಂಗಸೋ ಗಂಡಸೋ?"

"ಸೊಂಟದ ಎಲಬು ನೋಡಿದ್ರ ಹೆಂಗಸು."

"ಹೆಸರು?"

"ಯಾರಿಗೂ ಗೊತ್ತಿಲ್ಲ."

"ಮಣ್ಣಾಗ ಮಲಗೂದು ಬಿಟ್ಟು ನಿಮಗ ಕಲಸಾಕ ಬಂದಾಳ. ಹೆಸರೂ ಕೇಳಿಲ್ಲಲ್ಲ ನೀವು. ಎಂಥಾ ಸಾಲಿ ಅದು?"

ಮಧ್ಯಾಹ್ನ ಮನೆಯವರಿಗೆಲ್ಲ ಬಡಿಸುವ ಮೊದಲು ಉಡಚವ್ವ ಒಂದು ತಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯ, ಒಂದು ಶೇಂಗಾ ಉಂಡಿ ಇಟ್ಟು ಪೆಟ್ಟಿಗೆಯ ಮುಂದೆ ಸರಿಸಿದಳು. "ಉಣ್ಣ ಯವ್ವಾ. ನಿನ್ನಿಂದ ನಮ್ಮ ಹುಡಿಗಿ ಕಲಿಯಾಕತ್ತಾಳ."

ಅಲ್ಲಿಗೆ ಮುಗಿಯಿತು. ಸಮತಾ ಆ ಎಲುಬುಗಳನ್ನು ಕೈಗೆತ್ತಿಕೊಳ್ಳುತ್ತಾಳೆ, ಇಡುತ್ತಾಳೆ. "ಅವ್ವಾ, ಇದರ ಮ್ಯಾಲೆ ಪೆನ್ಸಿಲ್ಲಿಂದ ಗೆರಿ ಹೊಡದು ಗುರ್ತ ಮಾಡ್ಕೋಬೇಕು. ಆಯಿ ಯವ್ವಾ ಅಂದಮ್ಯಾಲೆ ನನಗ ಗೆರಿ ಹೊಡಿಯಾಕ ಆಗವಲ್ದು." ರಜೆ ಮುಗಿದಾಗ ಪೆಟ್ಟಿಗೆ ವಾಪಸು ಹೋಯಿತು. ಜೊತೆಗೆ ನಾಲ್ಕು ಉಂಡಿ ಹೋದವು. ಸೀನಿಯರಿಗೋ ಪೆಟ್ಟಿಗೆಯವಳಿಗೋ, ಉಡಚವ್ವ ಬಿಡಿಸಿ ಹೇಳಲಿಲ್ಲ.

೫

ಆದರೆ ವಾಪಸು ಹೋಗುವ ಮೊದಲೇ ಇನ್ನೊಂದು ಆಗಿಹೋಗಿತ್ತು.

ಸಮತಾ ಅಜ್ಜಿಯ ಬಲಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಫೋನು, ಅದರಲ್ಲಿ ಚರ್ಮವಿಲ್ಲದ ಗಂಡಸು ಕೈ ಎತ್ತಿ ಇಳಿಸುತ್ತಿದ್ದ.

"ಎಷ್ಟ ಸಲೀಸ ಎತ್ತತಾನ ನೋಡು ಭಾಡ್ಯಾ," ಎಂದಳು ಉಡಚವ್ವ. "ಮೈಮ್ಯಾಲೆ ಚರ್ಮಿಲ್ಲ, ಆದ್ರೂ ಸೊಕ್ಕು."

ನಗುತ್ತಾ ತಿಕ್ಕುತ್ತಿದ್ದ ಸಮತಾಳ ಹೆಬ್ಬೆರಳು ನಿಂತಿತು. ಅಜ್ಜಿಯ ಚರ್ಮ ಹಳೆಯ ಸೀರೆಯಷ್ಟು ತೆಳು. ಅದರ ಕೆಳಗೆ ಒಂದೊಂದು ಹುರಿಯೂ, ಗೆಣ್ಣೂ ಬೆರಳಿಗೆ ಸಿಗುತ್ತಿತ್ತಂತೆ. ಪುಸ್ತಕದಲ್ಲಿ ಕಳೆದುಹೋಗಿದ್ದವೆಲ್ಲ ಇಲ್ಲಿ ಸಾಲಾಗಿ ಕುಳಿತಿದ್ದವಂತೆ.

"ಆಯೀ, ಕೈ ಅಲ್ಲಾಡಿಸಬ್ಯಾಡ."

"ಎಷ್ಟ ವರ್ಷಾತ ಅಲ್ಲಾಡಿಸಿಲ್ಲ, ಈಗೇನ ಅಲ್ಲಾಡಿಸ್ಲಿ ತಗೊ."

ಸಮತಾ ಸ್ಕೆಚ್ ಪೆನ್ನು ತಂದಳು. ಆ ಕೈ ಖಾಲಿ ಇರಲಿಲ್ಲ. ಉಡಚವ್ವ ಹುಡುಗಿಯಾಗಿದ್ದಾಗ ಹಿರೇಬೆಂಡಿಗೇರಿಗೆ ಹಚ್ಚೆ ಹಾಕುವಾಕೆ ಬರುತ್ತಿದ್ದಳಂತೆ. ಮುಂಗೈಯ ಮೇಲೊಂದು ಚೇಳು, ಬಾಲ ಮೊಣಕೈ ಕಡೆಗೆ. ತೋಳಿನ ಮೇಲೊಂದು ತೊಟ್ಟಿಲು. ಮಣಿಕಟ್ಟಿನ ಸುತ್ತ ಐದು ಚುಕ್ಕಿ. "ಬಂಗಾರ ಬೆಳ್ಳಿ ಇಲ್ಲೇ ಉಳಿತಾವ. ಕಡೀಕ ನಮ್ಮ ಬೆನ್ನ ಹತ್ತಿ ಬರೂದು ಇದೊಂದ" ಎನ್ನುತ್ತಾಳೆ. ಹಸಿರು ಹಚ್ಚೆಗಳ ನಡುವೆ ಈಗ ಕೆಂಪು ಗೆರೆಗಳು ಬಿದ್ದವು. ಹೆಸರುಗಳೂ: ಬೈಸೆಪ್ಸ್, ಡೆಲ್ಟಾಯ್ಡ್, ಬ್ರಾಕಿಯೊರೇಡಿಯಾಲಿಸ್.

"ಚೇಳಿನ ಬಾಲದಿಂದ ಎರಡ ಬೆರಳ ಹೊರಗ, ಬ್ರಾಕಿಯೊರೇಡಿಯಾಲಿಸ್. ತೊಟ್ಟಿಲ ಬುಡಕ್ಕ ಡೆಲ್ಟಾಯ್ಡ್ ಮುಗೀತೈತಿ." ಸಮತಾ ಕಣ್ಣು ಮುಚ್ಚಿ ಹೇಳುತ್ತಿದ್ದಳು. ತಪ್ಪಿದರೆ ಅಜ್ಜಿ ಹಿಡಿಯುತ್ತಿರಲಿಲ್ಲ, ಅವಳಿಗೇನು ಗೊತ್ತು. ಆದರೆ "ಹ್ಞೂಂ, ಮುಂದ" ಎನ್ನುತ್ತಿದ್ದಳು. ಕಲಿಯುವವರಿಗೆ ಅಷ್ಟು ಸಾಕು.

ಎರಡು ಮೂರು ದಿನ ಬಿಟ್ಟು ಅತ್ತೆ ಸೊಸೆ ಸಾಮಾನಿಗೆ ಹೋದಾಗ ಕಿರಾಣಿ ಅಂಗಡಿಯ ಸುಶೀಲವ್ವ ಬೆಲ್ಲ ತೂಗುತ್ತಾ ಕಣ್ಣು ಅರಳಿಸಿದಳು. "ಏನಬೇ ಉಡಚವ್ವಾ, ಈ ವಯಸ್ಸಿನ್ಯಾಗ ಹೊಸಾ ಹಚ್ಚಿ?"

"ಇಂಗ್ಲಿಷ್ ಹಚ್ಚಿಬೇ. ತೊಳದ್ರ ಹೊಕ್ಕೈತಿ. ಅದಕ್ಕ ಮೊಮ್ಮಗಳು ದಿನಾ ಬರೀತಾಳ."

ಹಾಗಾದರೆ ಸುಜಾತಾ ಏನನ್ನೂ ಆರಿಸಬೇಕಾಗಿ ಬರಲಿಲ್ಲವೇ? ಬಂತು. ಉಡಚವ್ವ ಸೊಂಟದ ಕೆಳಗೆ ಪೆನ್ನು ತರಗೊಡಲಿಲ್ಲ. "ಕೈ ಕೊಟ್ಟೇನಿ, ಬೆನ್ನ ಕೊಟ್ಟೇನಿ. ಕಾಲಿಗೆ ಬಂದ್ರ ಒದೀತೇನಿ." ಆದ್ದರಿಂದ ಕಾಲಿಗೆ ಅಟ್ಲಾಸ್ ಕೊಂಡರು, ಯಾರೋ ಓದಿ ಬಿಟ್ಟದ್ದು. ಅದರ ಅಂಚುಗಳಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ಹಾಕಿದ್ದ ಟಿಪ್ಪಣಿಗಳಿದ್ದವು. ಸಮತಾ ಅವಳಿಗೆ 'ಅಕ್ಕಾರು' ಎಂದು ಹೆಸರಿಟ್ಟಳು. ಹೆಸರಿಲ್ಲದವರಿಂದ ಕಲಿಯಬಾರದು ಎಂದು ಅಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು.

೬

ಮುಂದಿನ ಪ್ರಾಕ್ಟಿಕಲ್ಲಿನಲ್ಲಿ ಸಮತಾ ಮೊದಲ ನಂಬರು ಬಂದಳು ಎಂದು ಬರೆದು, ಒಂದು ಲೋಟ ನೀರು ಕುಡಿದು, ಬೆಳಿಗ್ಗೆಯ ಡಬ್ಬಿಗೆ ಅವರೆಕಾಳು ನೆನೆಹಾಕಿ ಬಂದು ಮತ್ತೆ ಓದಿದೆ. ಸುಳ್ಳು ಎಂದು ನನಗೇ ಕಂಡಿತು. ಆದದ್ದು ಹೀಗೆ. (ಸುಜಾತಾ ಅಲ್ಲಿರಲಿಲ್ಲ. ಸಂಜೆ ಸ್ಪೀಕರಿನಲ್ಲಿ ಕೇಳಿದ್ದು.)

ಒಬ್ಬರ ಕೈಮೇಲೆ ಇನ್ನೊಬ್ಬರು ಸ್ನಾಯು ಹುಡುಕಿ ತೋರಿಸುವ ಪರೀಕ್ಷೆ. ಸಮತಾಳಿಗೆ ಸಿಕ್ಕಿದ್ದು ಸುಹಾನಾಳ ಕೈ. ಎದುರು ಹೇಮಾ ಮೇಡಂ.

"ಬ್ರಾಕಿಯೊರೇಡಿಯಾಲಿಸ್ ತೋರಿಸಮ್ಮ."

ಸಮತಾ ಸುಹಾನಾಳ ಮುಂಗೈ ಹಿಡಿದಳು. ಹೊರಳಿಸಿದಳು. ಮತ್ತೆ ಹೊರಳಿಸಿದಳು. ಗಾಬರಿಯಲ್ಲಿ ಬಾಯಿ ಬಿಟ್ಟಳು:

"ಸುಹಾನಾ, ನಿನ್ನ ಚೇಳ ಎಲ್ಲೈತಿ?"

ಕೋಣೆಯೆಲ್ಲ ನಕ್ಕಿತು. ಸುಹಾನಾ ಹೆದರಿ ಸ್ಟೂಲಿನಿಂದ ಎದ್ದು ದುಪಟ್ಟಾ ಝಾಡಿಸಿಕೊಂಡಳು. ಸ್ಪೀಕರಿನಲ್ಲಿ ಇದನ್ನು ಕೇಳಿ ಉಡಚವ್ವ ಹೊಸ್ತಿಲು ತಟ್ಟಿ ನಕ್ಕಳು, ಲೋಹಿತ ಟೆಂಪೋದ ಕೆಳಗಿನಿಂದಲೇ ನಕ್ಕ.

"ಆಮ್ಯಾಲೆ?" ಎಂದಳು ಸುಜಾತಾ.

ಆಮೇಲೆ ಮೇಡಂ ಡೆಲ್ಟಾಯ್ಡ್ ಕೇಳಿದರು, ಹೆಗಲಿನ ಸ್ನಾಯು. ಅದು ಸುಲಭ. ಸಮತಾ ಸುಹಾನಾಳ ಹೆಗಲಿನ ಮೇಲೆ ಅಂಗೈ ಇಟ್ಟಳು. ಇಟ್ಟವಳು ತೆಗೆದಳು.

"ಮೇಡಂ, ಈಕಿಗೆ ಇಲ್ಲಿ ಬಾವು ಬಂದೈತ್ರಿ."

ಈ ಸಲವೂ ಕೋಣೆ ನಕ್ಕಿತು. ಮೇಡಂ ನಗಲಿಲ್ಲ. "ಬಾವು ಅಲ್ಲ. ಚೆನ್ನಾಗಿರೋ ಹೆಗಲು ಹೀಗೇ ತುಂಬಿರುತ್ತೆ. ನೀನು ಇಷ್ಟು ದಿನ ಯಾರ ಹೆಗಲು ನೋಡಿ ಓದಿದೆ?"

ಇಷ್ಟು ಹೇಳಿ ಸಮತಾ ಫೋನಿನಲ್ಲಿ ಅಳತೊಡಗಿದಳು. "ಅವ್ವಾ, ಆಯಿ ಹೆಗಲಿನ್ಯಾಗ ತಗ್ಗ ಐತಲ್ಲ, ಅದು ಎಲ್ಲಾರಿಗೂ ಇರೂದು ಅಂತ ತಿಳದಿದ್ದೆ. ಅದ ಹೆಗಲು ಅಂತ ಓದಿದ್ದೆ. ಅದು ಹೆಗಲಲ್ಲವ್ವ. ಹೋಗಿದ್ದು. ಎತ್ತಲಾರದ ಕರಗಿ ಹೋಗಿದ್ದು."

ಸುಜಾತಾ ಅತ್ತೆಯ ಹೆಗಲು ನೋಡಿದಳು. ಇಷ್ಟು ವರ್ಷ ದಿನಾ ಬೆಳಿಗ್ಗೆ ಅದರ ಹಿಂದೆ ನಿಂತಿದ್ದಳು. ತಲೆ ನೋಡಿದ್ದಳು, ಕೂದಲು ನೋಡಿದ್ದಳು. ರವಿಕೆಯ ಹೊಲಿಗೆ ಒಂದು ಕಡೆ ಯಾಕೆ ಜೋತುಬೀಳುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ಉಡಚವ್ವ ಫೋನಿನ ಕಡೆ ಬಗ್ಗಿದಳು. "ಅಳಬ್ಯಾಡಲೇ. ಆ ಸವಣೂರ ಹುಡಿಗಿ ಚಲೋ ಹೆಗಲಿಗೆ 'ಬಾವು' ಅಂದಿ, ದೃಷ್ಟಿ ತಾಗಿರತೈತಿ. ಮೊದಲ ದೃಷ್ಟಿ ತಗಿ."

"ಮಾರ್ಕ್ಸ್ ಹೋತಾಯಿ."

"ಮಾರ್ಕ್ಸ್ ಹೋದ್ವು, ಹೆಗಲು ಸಿಕ್ತಿಲ್ಲೋ?"

ಮೇಡಂ ಇನ್ನೊಂದು ಮಾತು ಹೇಳಿದ್ದರು: ಅಜ್ಜಿಯನ್ನು ಕರೆದುಕೊಂಡು ಬಾ.

(ಸಮತಾ ಕೊನೆಗೆ ಅನಾಟಮಿ ಪಾಸಾದಳು. ಎಷ್ಟನೆಯ ಸಲಕ್ಕೆ ಎಂದು ಕೇಳಬೇಡಿ. ಬರೆಯಕೂಡದು ಎಂದು ಅವಳ ತಾಕೀತು ಇದೆ.)

೭

ಸುಜಾತಾಳ ರಜೆಯ ದಿನ ಅತ್ತೆ ಸೊಸೆ ಹುಬ್ಬಳ್ಳಿಗೆ ಹೋದರು. ಬಸ್ಸಿನಲ್ಲಿ ಉಡಚವ್ವ ಅಲ್ಲಿನ ಕಂಡಕ್ಟರಿಗೆ "ತಮ್ಮಾ, ನಿಂದ್ರಾಕ ನಮ್ಮ ಸೊಸಿ ಕಡೆ ಕಲಿ" ಎಂದು ಹೇಳಿ ಸುಜಾತಾಳ ಮಾನ ಕಳೆದಳು.

ಹೇಮಾ ಮೇಡಂ ಕೈ ನೋಡಿದರು. ಚೇಳನ್ನೂ ನೋಡಿದರು. ಸುಳ್ಳು ಭರವಸೆ ಕೊಡಲಿಲ್ಲ. "ಅಜ್ಜಿ, ಬಹಳ ವರ್ಷ ಆಗಿದೆ. ಪೂರ್ತಿ ಬರೋದಿಲ್ಲ. ಬಂದಷ್ಟು ಬರುತ್ತೆ."

"ಬಂದಷ್ಟ ಬರ್ಲಿ ತಗೋರಿ. ಎಲ್ಲಿ ತನಕಾ ಗಾಡಿ ಹೊಕ್ಕೈತಿ ಅಲ್ಲಿ ತನಕಾ ಕುಂತರಾತು."

ವ್ಯಾಯಾಮ ಸರಳವಾಗಿತ್ತು. ಗೋಡೆಗೆ ಎದುರಾಗಿ ನಿಂತು ಬಲಗೈ ಬೆರಳುಗಳನ್ನು ಒಂದರ ಹಿಂದೆ ಒಂದು ನಡೆಸುತ್ತಾ ಮೇಲೆ ಹತ್ತಿಸಬೇಕು. ನೋವು ಸಹಿಸಬಹುದಾದಷ್ಟು. ನಿಂತಲ್ಲಿ ಸುಣ್ಣದಕಡ್ಡಿಯಿಂದ ಗುರುತು. ಬಾಗಿಲ ಚೌಕಟ್ಟಿಗೆ ಲೋಹಿತ ಒಂದು ರಾಟೆ ಜಡಿದು, ಟೆಂಪೋದ ಹಗ್ಗ ಹಾಕಿಕೊಟ್ಟ. ಎಡಗೈ ಎಳೆದರೆ ಬಲಗೈ ಏಳುತ್ತದೆ.

ಪಡಸಾಲೆಯ ಆ ಗೋಡೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಇರುವುದು: ಸ್ವಿಚ್ ಬೋರ್ಡು, ಕ್ಯಾಲೆಂಡರು, ಅದರ ಮೇಲೆ ಲೋಹಿತ ತಂದು ಹಾಕಿದ ಬುದ್ಧನ ಫೋಟೋ, ಪಕ್ಕದಲ್ಲಿ ಅವನ ತಾಯಿ ತೆಗೆಯಲು ಒಪ್ಪದ ಉಡಚಮ್ಮ ದೇವಿಯ ಪಟ. ಬುದ್ಧನ ಮಟ್ಟ ಮುಟ್ಟಿದರೆ ತುರುಬು ಸಿಕ್ಕಂತೆ ಎಂದು ಸಮತಾ ಫೋನಿನಲ್ಲಿ ಲೆಕ್ಕ ಹೇಳಿದಳು.

ಬೆರಳು ಗೋಡೆ ಹತ್ತುವಾಗ ಮುಂಗೈಯೂ ಹತ್ತುತ್ತದೆ. ಮುಂಗೈ ಹತ್ತಿದರೆ ಅದರ ಮೇಲಿನ ಚೇಳು.

"ಎಲ್ಲಿ ತನಕಾ ಬಂತಬೇ ಚೇಳು?" ಲೋಹಿತ ಟೆಂಪೋ ನಿಲ್ಲಿಸಿ ಒಳಗೆ ಬರುತ್ತಲೇ ಕೇಳುತ್ತಾನೆ.

"ಬೋರ್ಡ್ ದಾಟೇತಿ. ಕರೆಂಟ ಹೊಡಿಲಿಲ್ಲ."

ಒಂದೊಂದು ದಿನ ಕಣ್ಣಲ್ಲಿ ನೀರು ಬರುತ್ತಿತ್ತು. ಆಗ ಉಡಚವ್ವ ಕ್ಯಾಲೆಂಡರಿಗೆ ಬೈಯುತ್ತಿದ್ದಳು. ಬಿಡಲಿಲ್ಲ. ಮೊಮ್ಮಗಳ ಮಾತು ಗೋಡೆಯ ಮೇಲಿತ್ತಲ್ಲ, ಬೀಳಗೊಡುವುದು ಹೇಗೆ?

ಸುಜಾತಾ ದಿನಾ ಗುರುತು ಹಾಕುತ್ತಿದ್ದಳು. ಗುರುತು ಮೇಲೇರಿದಷ್ಟೂ ಅವಳಿಗೆ ಹಿಗ್ಗು. ಹಿಗ್ಗಿನ ಬುಡದಲ್ಲಿ ಸಣ್ಣದೊಂದು ಮುಳ್ಳು. ಒಂದು ಬೆಳಿಗ್ಗೆ ತುರುಬು ಕಟ್ಟುವಾಗ ಅತ್ತೆ ಅಂದಳು:

"ಕೈ ಏರಿದ್ರ ನಿನಗ ಮುಂಜಾನಿ ನೆಟ್ಟಗೊಂದು ಚಾ ಕುಡ್ಯಾಕ ಪುರುಸೊತ್ತು ಸಿಗತೈತಿ ನೋಡು."

ಸುಜಾತಾ ಬಾಯಿಂದ ಹೇರ್‌ಪಿನ್ನು ತೆಗೆದಳು. "ಚಾ ಸ್ಟ್ಯಾಂಡಿನ್ಯಾಗೂ ಸಿಗತೈತ್ರಿ, ಅತ್ತಿ."

ಉಡಚವ್ವ ತಿರುಗಿ ನೋಡಲಿಲ್ಲ. ತಲೆಯನ್ನು ಮಾತ್ರ ತುಸು ಹಿಂದಕ್ಕೆ, ಸೊಸೆಯ ಕೈಗೆ ಕೊಟ್ಟಳು.

೮ (ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ)

ಅ. ಒಂದು ಬೆಳಿಗ್ಗೆ ಚೇಳು ಬುದ್ಧನ ಮಟ್ಟ ಮುಟ್ಟುತ್ತದೆ. ಉಡಚವ್ವನ ಎರಡೂ ಕೈ ತಲೆಯ ಹಿಂದೆ ಹೋಗುತ್ತವೆ. ತುರುಬು. ಅದಕ್ಕೊಂದು ಸೇವಂತಿಗೆ. ಹಿನ್ನೆಲೆಯಲ್ಲಿ ಕೋಗಿಲೆ.

"ಯವ್ವಾ, ನೀ ಬರಿಯಾಕಿ," ಎಂದಳು ಉಡಚವ್ವ, ನನಗೆ. "ನೀ ಪೆನ್ನ ಎತ್ತಿದಷ್ಟ ಸಲೀಸ ನನ್ನ ಕೈ ಎತ್ತಬ್ಯಾಡ. ನೋವು ನನಗ ಗೊತ್ತು."

ಆ. ಕೈ ಬಂದಿದೆ, ಆದರೆ ಅವಳು ಹೇಳುವುದಿಲ್ಲ. ಸೊಸೆ ತುರುಬು ಕಟ್ಟಲಿ ಎಂದು ಗುಟ್ಟಾಗಿ ಸುಮ್ಮನಿದ್ದಾಳೆ.

"ನಾ ಯಾಕ ಕಳ್ಳಾಟ ಆಡ್ಲಿ? ತುರುಬು ಕಟ್ಟಂತ ನೆಟ್ಟಗ ಕೇಳಾಕ ನಂಗ ಬಾಯಿಲ್ಲೇನ?"

ಇ. ಅಜ್ಜಿ ಒಂದು ರಾತ್ರಿ ತೀರಿಕೊಳ್ಳುತ್ತಾಳೆ. ಮೊಮ್ಮಗಳು ಓಡಿ ಬರುತ್ತಾಳೆ. ಗೋಡೆಯ ಮೇಲೆ ಸುಣ್ಣದ ಗುರುತುಗಳು...

(ಇದಕ್ಕೆ ಉಡಚವ್ವ ಆಡಿದ ಮಾತನ್ನು ಅಚ್ಚಿಗೆ ಕೊಡುವಂತಿಲ್ಲ. ಅಜ್ಜಿಯರನ್ನು ಕೊಂದು ಕತೆ ಮುಗಿಸುವ ಚಟ ನಮಗೆ ಹಳೆಯದು. ಇವಳು ಬದುಕಿದ್ದಾಳೆ. ಈಗಷ್ಟೇ ಸುಶೀಲವ್ವನ ತಕ್ಕಡಿಯ ಬಗ್ಗೆ ಅನುಮಾನ ತೋಡಿಕೊಂಡು ಬಂದಳು.)

೯

ಇಷ್ಟು ಮಾತ್ರ ಹೇಳಬಲ್ಲೆ.

ಚೇಳು ಕ್ಯಾಲೆಂಡರಿನ ಕೆಳ ಅಂಚಿಗೆ ಬಂದು ನಿಂತಿತು. ವಾರಗಟ್ಟಲೆ ಅಲ್ಲೇ ಇತ್ತು. ಸುಣ್ಣದ ಗುರುತಿನ ಮೇಲೆ ಗುರುತು ಬಿದ್ದು ದಪ್ಪ ಪಟ್ಟಿಯಾಯಿತು. ರಜೆಗೆ ಬಂದ ಸಮತಾ ಹೆಗಲನ್ನು ಒತ್ತಿ, ಕೈ ತಿರುಗಿಸಿ ನೋಡಿದಳು. ತಗ್ಗು ಸ್ವಲ್ಪ ತುಂಬಿತ್ತು. ಸ್ವಲ್ಪವೇ.

"ಆಯೀ, ಇನ್ನ ಮ್ಯಾಲೆ ಹೋಗೂದಿಲ್ಲ ಅನಸ್ತೈತಿ."

"ಗೊತ್ತೈತಿ. ನನ್ನ ಕೈ ಅಲ್ಲೇನ ಅದು?"

"ನಾ ಮಾತ ಕೊಟ್ಟಿದ್ದೆ."

"ಕೊಟ್ಟಿದ್ದಿ. ಹಲ್ಲಿರಲಿಲ್ಲ ನಿನಗ." ಉಡಚವ್ವ ಬಲಗೈ ನೀಡಿದಳು. "ಬರಿ. ಮುಂದಿನ ಪರೀಕ್ಷಿಗೆ ಏನೈತಿ, ಬರಿ."

ಸಮತಾ ಪೆನ್ನು ತೆಗೆದಳು.

ಅವಳು ಹುಬ್ಬಳ್ಳಿಗೆ ಹೋದ ಕೆಲವು ದಿನಗಳ ಮೇಲೆ, ಒಂದು ಸಂಜೆ, ಫೋನು ಬಡಿಯಿತು. ಸುಜಾತಾ ಒಲೆಯ ಮುಂದಿದ್ದಳು, ಕೈಯೆಲ್ಲ ಹಿಟ್ಟು. "ಅತ್ತಿ, ಸ್ಪೀಕರ್ ಒತ್ತರಿ" ಎಂದು ಕೂಗಿದಳು. ಸ್ಪೀಕರಿನ ದನಿ ಕೇಳಲಿಲ್ಲ. ಹೊರಗೆ ಬಂದು ನೋಡಿದಳು.

ಉಡಚವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ಬಲಗೈಯಲ್ಲಿ ಫೋನು. ಫೋನು ಬಲಗಿವಿಗೆ. ಚೇಳು ಕೆನ್ನೆಯ ಪಕ್ಕದಲ್ಲಿ ಆರಾಮಾಗಿ ನಿಂತಿತ್ತು. ಎಂದಿನಿಂದ ಹೀಗೆ, ಅವಳಿಗೇ ಅರಿವಿತ್ತೋ ಇಲ್ಲವೋ. ಫೋನು ಬಡಿಯಿತು, ಎಲ್ಲರೂ ಎತ್ತುವ ಹಾಗೆ ಎತ್ತಿದ್ದಳು.

"ಹ್ಞೂಂ," ಎನ್ನುತ್ತಿದ್ದಳು. "ಹ್ಞೂಂ. ಹೌದೇನ?" ಆಮೇಲೆ ದನಿ ತಗ್ಗಿಸಿದಳು. ಆ ಮನೆಯಲ್ಲಿ ಮೊದಲ ಸಲ ಒಬ್ಬರು ಫೋನಿನಲ್ಲಿ ದನಿ ತಗ್ಗಿಸಿದರು.

"ಏನಂತ್ರಿ ಅತ್ತಿ?" ಸುಜಾತಾ ಕೇಳಿದಳು.

ಉಡಚವ್ವ ಎಡಗೈ ಬೀಸಿದಳು: ಹೋಗು, ನಿನಗಲ್ಲ. ಏನೋ ಕೇಳಿ ಸೆರಗು ಬಾಯಿಗಿಟ್ಟು ಮೈ ಕುಲುಕಿಸಿ ನಕ್ಕಳು. ಮತ್ತೆ ಗಂಭೀರಳಾದಳು. "ಅದನ್ನ ನಿಮ್ಮವ್ವಗ ಹೇಳಬ್ಯಾಡ" ಎಂದದ್ದು ಕೇಳಿತು. ಮುಂದಿನದು ಕೇಳಲಿಲ್ಲ.

ಸುಜಾತಾ ಹಿಟ್ಟಿನ ಕೈಯಲ್ಲಿ ನಿಂತೇ ಇದ್ದಳು. ಸಿಟ್ಟು ಬರಬೇಕಿತ್ತು. ಕಣ್ಣು ತುಂಬಿ ಬಂತು. ಯಾರಿಗೆ ಕೈ ಮುಗಿಯಬೇಕು ಎಂದು ತಿಳಿಯದೆ ಪೆಟ್ಟಿಗೆಯ ಹೆಸರಿಲ್ಲದ ತಾಯಿಗೆ, ಸುಹಾನಾಳ ತುಂಬಿದ ಹೆಗಲಿಗೆ, ಅಟ್ಲಾಸಿನ ಅಂಚಿನ ಅಕ್ಕಾರಿಗೆ, ಸುಳ್ಳು ಹೇಳದ ಮೇಡಂಗೆ, ಎಲ್ಲರಿಗೂ ಒಟ್ಟಿಗೆ ಒಳಗೊಳಗೇ ಮುಗಿದಳು. ಹಿಟ್ಟು ಒಣಗುತ್ತಿತ್ತು. ಒಳಗೆ ಹೋದಳು.

ಓದುವವರೇ, ಅವಳು ಒಳಗೆ ಹೋದರೆ ನಾನೂ ಹೋಗಬೇಕು. ನಿಯಮ ನಾನೇ ಮಾಡಿದ್ದು. ಅಜ್ಜಿ ಮೊಮ್ಮಗಳು ಏನು ಮಾತಾಡಿದರು, ಯಾವುದನ್ನು ಹೇಳಬಾರದು ಎಂದಳು, ಯಾತಕ್ಕೆ ನಕ್ಕಳು, ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಈ ಕತೆಗೆ ಬೇಕಿದ್ದ ಕೊನೆ ಬಹುಶಃ ಆ ಫೋನಿನೊಳಗಿದೆ, ಅದು ಉಡಚವ್ವನ ಕಿವಿಗೆ ಅಂಟಿಕೊಂಡಿದೆ. ಕಸಿದುಕೊಳ್ಳಲು ನಾನು ಹೋಗುವುದಿಲ್ಲ. ನೀವೂ ಹೋಗಬೇಡಿ.

ಸಮತಾ ಕೊಟ್ಟ ಮಾತು ನಡೆಯಲಿಲ್ಲ. ಇವತ್ತು ಬೆಳಿಗ್ಗೆಯೂ ತುರುಬು ಕಟ್ಟಿದ್ದು ಸುಜಾತಾ.